ಹಪ್ಪಳದ ಡಬ್ಬದ ಮೇಲಿನ ಟೆಂಟು

ನಾನು ಟೆಂಟಿನಲ್ಲಿಯೇ ಮಲಗುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನೀವೂ ನನ್ನ ಮಗನ ಹಾಗೆ ಒಳ್ಳೊಳ್ಳೆಯ ಹೋಟೆಲುಗಳ ಲಿಂಕ್ ಕಳಿಸಲು ಶುರುಮಾಡುತ್ತೀರಿ. ಬರುವ ಜುಲೈಯಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್ ಎಂಬ ಹಳೆಯ ಪಟ್ಟಣದ ಹತ್ತಿರ, ನೆಕಾರ್ ನದಿಯ ದಂಡೆಯಲ್ಲಿ, ಇಬ್ಬರು ಹಿಡಿಯುವ ಒಂದು ಟೆಂಟಿನಲ್ಲಿ ನಾನೂ ನನ್ನ ಗೆಳತಿ ಹಿಲ್ಡಾಳೂ ಆರು ದಿನ ಇರುತ್ತೇವೆ. ನನಗೆ ಅರವತ್ತೆರಡು. ಹಿಲ್ಡಾ ನನಗಿಂತ ನಾಲ್ಕು ತಿಂಗಳು ದೊಡ್ಡವಳು, ಆದರೆ ಅದನ್ನು ಒಪ್ಪುವುದಿಲ್ಲ. ನನ್ನ ಬಲಗಾಲಿನ ಮೊಣಕಾಲು ಸವೆದು ಹೋಗಿದೆ, ಅದನ್ನು ಬದಲಾಯಿಸಲು ಸೆಪ್ಟೆಂಬರಿನಲ್ಲಿ ದಿನ ಗೊತ್ತಾಗಿದೆ. ಆಮೇಲೆ ನೆಲಕ್ಕೆ ಮಂಡಿಯೂರುವ ಆಸೆಯನ್ನು ಬಿಡಬೇಕೆಂದು ಡಾಕ್ಟರು ನಯವಾಗಿ ಹೇಳಿದ್ದಾರೆ. ಟೆಂಟಿನ ಬಾಗಿಲೋ ಮಂಡಿಯೂರದವರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಈ ಜುಲೈಯಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ವಿಷಯ ಹೊರಬಿದ್ದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಟಾಯ್ಲೆಟ್ಟಿನದು. ಸಿಡ್ನಿಯ ನಮ್ಮ ಕನ್ನಡದ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ "ಆಂಟಿ, ಟಾಯ್ಲೆಟ್ ಎಲ್ಲಿರುತ್ತೆ?" ಎಂದು ಒಬ್ಬಳು ಕೇಳಿದ್ದೇ ತಡ, ಹನ್ನೆರಡು ಜನ ಹೆಬ್ಬೆರಳೆತ್ತುವ ಚಿತ್ರ ಒತ್ತಿದರು. ಟೆಂಟಿನಿಂದ ಐವತ್ತು ಹೆಜ್ಜೆ, ಬಿಸಿನೀರು ಬರುತ್ತದೆ ಎಂದು ಬರೆದೆ. "ಐವತ್ತು ಹೆಜ್ಜೆನಾ!" ಎಂದು ಉತ್ತರ ಬಂತು. ಮಂಗಳೂರಿನಲ್ಲಿ ನಾನು ಹುಟ್ಟಿ ಬೆಳೆದ ಕ್ವಾರ್ಟರ್ಸಿನಲ್ಲಿ ಹಿತ್ತಿಲ ಬಾಗಿಲಿನಿಂದ ಅಲ್ಲಿಗೆ ಅರುವತ್ತು ಹೆಜ್ಜೆ ಇತ್ತು. ಮಳೆಗಾಲದಲ್ಲಿ ತಲೆಗೆ ಎಲೆಯ ಗೊರಬು ಹಾಕಿಕೊಂಡು ಹೋಗುತ್ತಿದ್ದೆವು. ಹಾಗಾಗಿ ಜರ್ಮನಿಯಲ್ಲಿ ನನಗೆ ಹತ್ತು ಹೆಜ್ಜೆ ಲಾಭವೇ ಎಂದು ಬರೆದು ಫೋನನ್ನು ಮಗುಚಿಟ್ಟೆ.

ನನ್ನ ಮಗ ಪ್ರಶಾಂತ ಸಿಡ್ನಿಯ ನಾರ್ವೆಸ್ಟ್ ಬಡಾವಣೆಯ ಆಫೀಸಿನಿಂದ ನೇರ ಮನೆಗೇ ಬಂದ. ಟೈ ಸಡಿಲಿಸದೆ ಬಂದನೆಂದರೆ ವಿಷಯ ಗಂಭೀರವೆಂದು ಅರ್ಥ.

"ಅಮ್ಮಾ, ನೀನು ಸೀರಿಯಸ್ ಆಗಿ ಹೇಳ್ತಿದ್ದೀಯಾ? ಅದೇ ನದಿಯಲ್ಲಿ ಕ್ರೂಸ್ ಇದೆ. ಹಾಸಿಗೆ ಇದೆ, ಲಿಫ್ಟ್ ಇದೆ, ವೆಜಿಟೇರಿಯನ್ ಊಟ ಇದೆ. ಹೋಟೆಲ್ ಅಫೋರ್ಡ್ ಮಾಡೋಕೆ ಆಗೋರು ಟೆಂಟಲ್ಲಿ ಯಾಕೆ ಮಲಗ್ಬೇಕು?"

ಈ ಪ್ರಶ್ನೆಯನ್ನು ನಾನು ಹಿಂದೆಯೂ ಕೇಳಿದ್ದೆ. ಐವತ್ತು ವರ್ಷದ ಹಿಂದೆ, ನನ್ನ ಅಪ್ಪನ ಬಾಯಿಂದ, ಹೆಚ್ಚು ಕಡಿಮೆ ಇದೇ ಮಾತಿನಲ್ಲಿ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಪ್ರಶ್ನೆ ಮಾತ್ರ ಕಡಲು ದಾಟಿ ಬಂದು ಮೊಮ್ಮಗನ ಬಾಯಲ್ಲಿ ಕೂತಿರುವುದನ್ನು ಕಂಡು ನನ್ನ ಹಟ ಇನ್ನಷ್ಟು ಬಿಗಿಯಿತು.

ಇದೆಲ್ಲ ಶುರುವಾದದ್ದು ಒಂದು ಬಿಸ್ಕತ್ತಿನ ಡಬ್ಬದಿಂದ. ಅದು ಈಗಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇದೆ. ದುಂಡನೆಯ ತಗಡಿನ ಡಬ್ಬ. ಮುಚ್ಚಳ ತೆಗೆಯಬೇಕಾದರೆ ಚಮಚದ ಹಿಡಿಯಿಂದ ಸುತ್ತಲೂ ಮೀಟಬೇಕು. ಅಪ್ಪ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಹಂಚು ಒತ್ತುವ ಯಂತ್ರ ಜರ್ಮನಿಯದು, ಅದು ಕೆಟ್ಟಾಗ ರಿಪೇರಿಗೆ ಬಂದ ಎಂಜಿನಿಯರನೂ ಅಲ್ಲಿಯವನೇ. ಅವನು ಹೊರಡುವಾಗ ಅಪ್ಪನ ಕೈಗೆ ಈ ಡಬ್ಬ ಕೊಟ್ಟುಹೋದ. ಬಿಸ್ಕತ್ತಿಗೆ ಮೊಟ್ಟೆ ಹಾಕಿರಬಹುದೆಂಬ ಸಂಶಯದಿಂದ ಅಮ್ಮ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. ಬಿಸ್ಕತ್ತು ಅಷ್ಟನ್ನೂ ಪಕ್ಕದ ಮನೆಯ ಹಿಲ್ಡಾಳ ಮನೆಯವರಿಗೆ ಕೊಟ್ಟು, ಡಬ್ಬವನ್ನು ಮಾತ್ರ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು ಒಳಗಿಟ್ಟುಕೊಂಡರು. ಹಿಲ್ಡಾಳ ಅಪ್ಪ ಅದೇ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿನ ಮೇಸ್ತ್ರಿ. "ನಿಮ್ಮ ಮಡಿ ದೊಡ್ಡದು ಮಾರಾಯ್ತಿ, ಅದರಿಂದ ನಮ್ಮ ಹೊಟ್ಟೆ ತುಂಬಿತು" ಎಂದು ಅವಳು ಇಂದಿಗೂ ನಗುತ್ತಾಳೆ.

ಡಬ್ಬದಲ್ಲಿ ಅಮ್ಮ ಹಲಸಿನ ಹಪ್ಪಳ ತುಂಬಿಸಿಟ್ಟರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಹಪ್ಪಳ ಅದರೊಳಗೆ ಸರಿಯಾಗಿ ಕೂರುತ್ತಿತ್ತು, ಮಳೆಗಾಲದಲ್ಲೂ ಮೆತ್ತಗಾಗುತ್ತಿರಲಿಲ್ಲ. ಹೀಗಾಗಿ ಜರ್ಮನಿ ಎಂದರೆ ನನಗೆ ಹಲಸಿನ ಹಪ್ಪಳದ ವಾಸನೆ. ಆಫೀಸಿನಲ್ಲಿ ಯಾರಾದರೂ ಜರ್ಮನ್ ಕಾರಿನ ಬಗ್ಗೆ ಮಾತಾಡಿದರೆ ನನಗೆ ತೆಂಗಿನೆಣ್ಣೆ ಕಾಯುವ ಸದ್ದು ಕೇಳಿದ ಹಾಗಾಗುತ್ತದೆ. ಅಮ್ಮ ಹೋದ ಮೇಲೆ ಮನೆ ಸಾಮಾನು ಹಂಚಿಕೊಳ್ಳುವಾಗ ಅಣ್ಣ ಗೋಡೆ ಗಡಿಯಾರ ತೆಗೆದುಕೊಂಡ. ನಾನು ಡಬ್ಬ ಕೇಳಿದೆ. ಎಲ್ಲರೂ ನನ್ನನ್ನು ಪಾಪದವಳೆಂದು ನೋಡಿದರು. ಸಿಡ್ನಿ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಮುಚ್ಚಳ ತೆಗೆಯಲು ಐದು ನಿಮಿಷ ಒದ್ದಾಡಿದ. ಚಮಚ ಬೇಕೆಂದು ನಾನು ಹೇಳಿದೆ. ಅವನು ಒಳಗಿನ ಹಪ್ಪಳ ಮೂಸಿ ನೋಡಿ, ನನ್ನ ಮುಖ ನೋಡಿ, ಮತ್ತೊಮ್ಮೆ ಮೂಸಿ, ಹೋಗಿ ಎಂದ.

ಮುಚ್ಚಳದ ಮೇಲೆ ಒಂದು ಚಿತ್ರವಿದೆ. ನಡುವೆ ನದಿ, ಅದಕ್ಕೆ ಕಮಾನುಗಳ ಕಲ್ಲಿನ ಸೇತುವೆ, ಆಚೆ ದಂಡೆಯಲ್ಲಿ ಕೆಂಪು ಹಂಚಿನ ಮಾಡುಗಳ ಊರು, ಊರಿನ ಮೇಲೆ ಗುಡ್ಡದಲ್ಲಿ ಕೆಂಗಲ್ಲಿನ ಒಂದು ದೊಡ್ಡ ಕೋಟೆ. ಕೋಟೆಯ ಒಂದು ಬುರುಜು ಅರ್ಧಕ್ಕೆ ಇಲ್ಲ. ಡಬ್ಬ ಸವೆದು ಅಷ್ಟು ಭಾಗ ಅಳಿಸಿಹೋಗಿದೆ ಎಂದು ನಾವು ತಿಳಿದಿದ್ದೆವು. ಸೇತುವೆಯ ಎಡಕ್ಕೆ, ಮನೆಗಳು ಮುಗಿದು ಹಸಿರು ಶುರುವಾಗುವಲ್ಲಿ, ನೀರಿನ ಅಂಚಿಗೆ ಮೂರು ಮೂಲೆಯ ಒಂದು ಚಿಕ್ಕ ಬಿಳಿ ಗುರುತು. ಹೆಸರುಬೇಳೆಗಿಂತ ದೊಡ್ಡದಲ್ಲ. ನಮ್ಮ ಮನೆಯಲ್ಲಿ ಆ ಬೇಳೆಯಷ್ಟು ಗುರುತಿನ ಬಗ್ಗೆ ನಡೆದಷ್ಟು ಚರ್ಚೆ ದೇಶದ ಬಗ್ಗೆ ನಡೆದಿಲ್ಲ. ಅಣ್ಣ ಅದು ಬಿಳಿ ದನ ಎಂದ. ಅಮ್ಮ, ಯಾರೋ ಪಂಚೆ ಒಗೆದು ಒಣಗಲು ಹರವಿದ್ದಾರೆ ಎಂದರು. ಅಪ್ಪ ಕನ್ನಡಕ ಏರಿಸಿ ನೋಡಿ, ದೋಣಿಯ ಹಾಯಿ ಎಂದು ತೀರ್ಪು ಕೊಟ್ಟರು. ನಾನು ಟೆಂಟು ಎಂದೆ. ಯಾರೂ ಒಪ್ಪಲಿಲ್ಲ. ಹಪ್ಪಳ ಕೇಳಲು ಬಂದ ಹಿಲ್ಡಾ ಮುಚ್ಚಳವನ್ನು ಬೆಳಕಿಗೆ ಹಿಡಿದು, "ಟೆಂಟೇ. ಒಳಗೆ ಇಬ್ಬರು ಇದ್ದಾರೆ" ಎಂದಳು. ಅವತ್ತಿನಿಂದ ಅವಳು ನನ್ನ ಗೆಳತಿ.

ನಾವು ಎಂಟನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ಗೈಡ್ಸ್ ಹುಡುಗಿಯರನ್ನು ನದಿಯಾಚೆಯ ತೆಂಗಿನ ತೋಟಕ್ಕೆ ಮೂರು ದಿನದ ಕ್ಯಾಂಪಿಗೆ ಕರೆದುಕೊಂಡು ಹೋಗುವುದೆಂದಾಯಿತು. ನಿಜವಾದ ಟೆಂಟು, ಗೂಟ, ಹಗ್ಗ ಎಲ್ಲ ಇತ್ತು. ಹಗ್ಗಕ್ಕೆ ಯಾವ ಗಂಟು ಹಾಕಬೇಕೆಂದು ನಾನೂ ಹಿಲ್ಡಾಳೂ ಲಂಗದ ಲಾಡಿಯಲ್ಲಿ ಕಲಿತು ಮುಗಿಸಿದ್ದೆವು. ಟೀಚರು ಒಂದು ಚೀಟಿ ಕೊಟ್ಟರು. ಅದರ ಅಡಿಯಲ್ಲಿ 'ಪೋಷಕರ ಸಹಿ' ಎಂದು ಬರೆದು ಒಂದು ಗೆರೆ ಎಳೆದಿತ್ತು. ಅಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತು ನೋಡಿ ಚೀಟಿ ಮುಂದಿಟ್ಟೆ.

"ಮನೆ ಇರುವವರು ಡೇರೆಯಲ್ಲಿ ಮಲಗುವುದು ಎಂತಕ್ಕೆ?" ಎಂದು ಅಪ್ಪ ಕೇಳಿದರು.

ಅವರ ದೃಷ್ಟಿಯಿಂದ ಅದು ಸರಿಯಾದ ಪ್ರಶ್ನೆಯೇ. ಊರವರ ತಲೆಗೆಲ್ಲ ಹಂಚು ಹೊದೆಸುವ ಕಾರ್ಖಾನೆಯ ಗುಮಾಸ್ತರ ಮಗಳು ಬಟ್ಟೆಯ ಸೂರಿನಡಿ ಮಲಗುವುದೆಂದರೆ ಅವರ ಕೆಲಸಕ್ಕೇ ಅವಮಾನವಲ್ಲವೇ? ಮತ್ತೆ ಹೆಣ್ಣುಮಕ್ಕಳು, ಹೊಳೆ ಬದಿ, ಹಾವು, ಶೀತ ಎಂದು ಅಮ್ಮನ ಪಟ್ಟಿ ಬೇರೆ. ಆ ಗೆರೆ ಖಾಲಿಯೇ ಉಳಿಯಿತು. ನಾನು ಕಾರ್ಖಾನೆಯ ಹಿಂದೆ ಒಡೆದ ಹಂಚಿನ ರಾಶಿಯ ಮರೆಯಲ್ಲಿ ಕೂತು ಅತ್ತೆ. ಸ್ವಲ್ಪ ಹೊತ್ತಿಗೆ ಹಿಲ್ಡಾ ಬಂದು ಪಕ್ಕದಲ್ಲಿ ಕೂತು, "ನನ್ನ ಅಪ್ಪನೂ ಬಿಡ್ಲಿಲ್ಲ" ಎಂದಳು. ಇಬ್ಬರೂ ಸೇರಿ ಇಬ್ಬರು ಅಪ್ಪಂದಿರನ್ನೂ ಸಾಕಷ್ಟು ಬೈದೆವು. ಆಮೇಲೆ ಅವಳು, ದೊಡ್ಡವರಾದ ಮೇಲೆ ಆ ಡಬ್ಬದ ಊರಿಗೇ ಹೋಗಿ ಟೆಂಟ್ ಹಾಕುವ, ಆಗ ಯಾರನ್ನೂ ಕೇಳ್ಲಿಕ್ಕಿಲ್ಲ ಎಂದಳು. ಹದಿಮೂರು ವರ್ಷದವರ ಮಾತು. ಯಾರು ತಾನೇ ಮರೆಯುವುದಿಲ್ಲ ಹೇಳಿ.

ನಾವೂ ಮರೆತೆವು. ಮದುವೆ, ಮಕ್ಕಳು, ನನಗೆ ಸಿಡ್ನಿ, ಹತ್ತು ವರ್ಷದ ಮೇಲೆ ಅವಳಿಗೆ ಮೆಲ್ಬರ್ನ್. ಅವಳು ಅಲ್ಲಿನ ಡ್ಯಾಂಡಿನಾಂಗಿನಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ನಾನು ಇಲ್ಲಿನ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪೆನಿಯೊಂದರಲ್ಲಿ ದಾಖಲೆ ನೋಡುವವಳು. ಕಾಗದದಲ್ಲಿ ಬರೆಯದೆ ಇದ್ದದ್ದು ನಡೆದೇ ಇಲ್ಲ ಎನ್ನುವುದು ನಮ್ಮ ವಿಭಾಗದ ಧರ್ಮ. ಒಂದು ದಿನ ಊಟದ ಕೋಣೆಯಲ್ಲಿ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬಳು ತನ್ನ ಊರಿನ ಕ್ಯಾಲೆಂಡರ್ ತೂಗುಹಾಕಿದಳು. ನಾನು ಮೊಸರನ್ನದ ಚಮಚ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ. ಅದೇ ಸೇತುವೆ, ಅದೇ ಕೋಟೆ. ಅರ್ಧ ಇಲ್ಲದ ಅದೇ ಬುರುಜು.

"ಇದು ಇಲ್ಲೂ ಅಳಿಸಿಹೋಗಿದೆಯಲ್ಲ" ಎಂದೆ.

ಅಳಿಸಿದ್ದಲ್ಲ, ಹಿಂದಿನ ಯುದ್ಧಗಳಲ್ಲಿ ಒಡೆದದ್ದು, ಹಾಗೆಯೇ ಬಿಟ್ಟಿದ್ದಾರೆ ಎಂದಳು ಅವಳು. ಊರಿನ ಹೆಸರು ಹೈಡೆಲ್‌ಬರ್ಗ್. ಐವತ್ತು ವರ್ಷ ನಾವು ಡಬ್ಬದ ತಪ್ಪು ಎಂದುಕೊಂಡದ್ದು ಕೋಟೆಯ ಪಾಡಾಗಿತ್ತು. ಸಂಜೆಯ ಮೆಟ್ರೋದಲ್ಲಿ ನಿಂತುಕೊಂಡೇ ಹಿಲ್ಡಾಳಿಗೆ ಫೋನ್ ಮಾಡಿದೆ.

"ಡಬ್ಬದ ಊರು ಸಿಕ್ಕಿತು! ಹೈಡೆಲ್‌ಬರ್ಗ್!"

"ಹೈಡೆಲ್‌ಬರ್ಗಾ? ಅಲ್ಲಿಗೆ ಇಲ್ಲಿಂದ ಟ್ರೈನ್ ಉಂಟು ಮಾರಾಯ್ತಿ. ಒಂದು ಕಡೆ ಬದಲಿಸಿದ್ರೆ ಆಯ್ತು. ಅಲ್ಲಿ ಕೋಟೆ ಇಲ್ಲ, ದೊಡ್ಡ ಆಸ್ಪತ್ರೆ ಉಂಟು."

ಮೆಲ್ಬರ್ನಿನಲ್ಲಿಯೂ ಆ ಹೆಸರಿನ ಸಬರ್ಬ್ ಒಂದಿದೆಯೆಂದು ನನಗೆ ಗೊತ್ತಾದದ್ದು ಆಗಲೇ. ಅಲ್ಲಿಯೂ ನದಿ ಹರಿಯುತ್ತದಂತೆ, ಹತ್ತಿರವೂ ಹೌದು, ಅಲ್ಲಿಯೇ ಟೆಂಟು ಹಾಕಿ ಮುಗಿಸಬಹುದಲ್ಲ ಎಂದು ಪ್ರಶಾಂತ ಆಮೇಲೆ ಸಲಹೆ ಕೊಟ್ಟ. ಕೆಲವು ಮಾತುಗಳಿಗೆ ಉತ್ತರ ಕೊಟ್ಟರೆ ನಮ್ಮ ಮರ್ಯಾದೆ ಹೋಗುತ್ತದೆ.

ಹಾಗಂತ ನಾವು ಬುದ್ಧಿಯಿಲ್ಲದವರಲ್ಲ. ರಿಹರ್ಸಲ್ ಮಾಡಿದ್ದೇವೆ. ಸಿಡ್ನಿಗೂ ಮೆಲ್ಬರ್ನಿಗೂ ನಡುವೆ ಮರ್ರಿ ನದಿ ಇದೆ, ಅದೇ ಎರಡು ರಾಜ್ಯಗಳ ಗಡಿ. ಉತ್ತರ ದಂಡೆ ನಮ್ಮದು, ದಕ್ಷಿಣ ದಂಡೆ ಹಿಲ್ಡಾಳವರದು. ಈಸ್ಟರಿನ ಚರ್ಚಿನ ಕೆಲಸ ಮುಗಿಸಿ ಅವಳು ಆ ಕಡೆಯಿಂದ ರೈಲಿನಲ್ಲಿ ಬಂದಳು, ನಾನು ಈ ಕಡೆಯಿಂದ ಹೋದೆ. ಆಲ್ಬರಿ ನಿಲ್ದಾಣದಲ್ಲಿ ಸೇರಿದೆವು. ಯಾವ ದಂಡೆ ಎಂಬ ಪ್ರಶ್ನೆ ಬಂತು. ಅತಿಥಿ ನನ್ನ ರಾಜ್ಯಕ್ಕೆ ಬರಬೇಕು ಎಂದು ನಾನು ಪಟ್ಟುಹಿಡಿದೆ. ಇಬ್ಬರೂ ಬಗ್ಗಿ, ಎದ್ದು, ಒಂದು ಗೂಟ ಬಗ್ಗಿಸಿ, ಕೊನೆಗೂ ಟೆಂಟು ನಿಲ್ಲಿಸಿದೆವು. ಲಂಗದ ಲಾಡಿಯಲ್ಲಿ ಕಲಿತ ಗಂಟು ಕೈಗೆ ನೆನಪಿತ್ತು. ಹಾಸಿಗೆ ಬಿಡಿಸುವಾಗ ನಾನು ಸುತ್ತ ನೋಡಿದೆ. ನೆಲ ನದಿಯ ಕಡೆಗೆ ಇಳಿಜಾರು. ನದಿ ದಕ್ಷಿಣಕ್ಕೆ. ಅಂದರೆ ಎತ್ತರದ ಕಡೆ ಉತ್ತರ.

ಉತ್ತರಕ್ಕೆ ತಲೆ ಹಾಕಿ ಮಲಗುವುದು ಹೇಗೆ? ನೀವು ನಗಬಹುದು. ಆದರೆ ನಿಮ್ಮ ಮಂಚ ಯಾವ ಕಡೆಗಿದೆ ಎಂದು ನೋಡಿ ಆಮೇಲೆ ನಗಿ. ಸಿಡ್ನಿಯ ನಮ್ಮ ಮನೆಯಲ್ಲಿ ಈ ಒಂದು ನಿಯಮಕ್ಕಾಗಿ ಮಂಚ ಕಪಾಟಿಗೆ ಅಡ್ಡ ನಿಂತಿದೆ. ಕಪಾಟಿನ ಒಂದು ಬಾಗಿಲು ಹನ್ನೊಂದು ವರ್ಷದಿಂದ ಅರ್ಧವೇ ತೆರೆಯುವುದು, ನನ್ನವರ ಒಳ್ಳೆಯ ಕೋಟು ಅದರ ಹಿಂದೆ ಸಿಕ್ಕಿಕೊಂಡಿದೆ. ಭೂಮಿಯ ಅಯಸ್ಕಾಂತದ ಕಾರಣಕ್ಕೆ ಹಾಗೆ ಎಂದು ಅಪ್ಪ ಹೇಳುತ್ತಿದ್ದರು. ಹಾಗಾದರೆ ದಕ್ಷಿಣ ಗೋಳದಲ್ಲಿ ನಿಯಮ ತಿರುಗಬೇಕಲ್ಲ ಎಂದು ಪ್ರಶಾಂತ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದ. ಅವನಿಗೆ ಹೋಮ್‌ವರ್ಕ್ ಮಾಡಲು ಹೇಳಿದ್ದೆ.

"ತಲೆ ಹೊಳೆಯ ಕಡೆಗೆ" ಎಂದೆ ಹಿಲ್ಡಾಳಿಗೆ.

"ನಿನ್ನ ಉತ್ತರ ದಕ್ಷಿಣ ನನಗೆ ಗೊತ್ತಿಲ್ಲ. ನನ್ನ ದೇವರು ಎಲ್ಲಾ ದಿಕ್ಕಿನಲ್ಲಿ ಉಂಟು. ಆದ್ರೆ ತಲೆ ಕಾಲಿಗಿಂತ ಮೇಲೆ ಇರ್ಬೇಕು ಅಂತ ಇಪ್ಪತ್ತು ವರ್ಷದಿಂದ ಅಜ್ಜಂದಿರಿಗೆ ಹೇಳ್ತಾ ಇದ್ದೇನೆ."

"ನಿನಗೆ ಬೇಕಾದ ಹಾಗೆ ಮಲಗು."

"ಹಾಗಾದ್ರೆ ನಿನ್ನ ಕಾಲು ನನ್ನ ಮೂಗಿನ ಹತ್ರ ಬರ್ತದೆ. ಬೇಡ ಮಾರಾಯ್ತಿ" ಎಂದು ಗೊಣಗಿ ಅವಳೂ ನನ್ನ ಹಾಗೆಯೇ ದಿಂಬಿಟ್ಟಳು. ಜಪಮಾಲೆಯನ್ನು ಟೆಂಟಿನ ಕೊಕ್ಕೆಗೆ ತೂಗುಹಾಕಿದಳು.

ಬೆಳಿಗ್ಗೆ ಎದ್ದಾಗ ನಾವಿಬ್ಬರೂ ಟೆಂಟಿನ ಕೆಳ ಅಂಚಿಗೆ ಬಂದು ಬಿದ್ದಿದ್ದೆವು. ಹಾಸಿಗೆಗಳು ಮೇಲೆಯೇ ಉಳಿದಿದ್ದವು. ಮುಖ ಎರಡೂ ಮಂಗಳೂರು ಬನ್ಸಿನ ಹಾಗೆ ಉಬ್ಬಿದ್ದವು, ನನಗೆ ಬಲಗಣ್ಣು ತೆರೆಯಲು ಬರಲಿಲ್ಲ. ಹಿಲ್ಡಾ ಕನ್ನಡಿ ತಿರುಗಿಸಿ ತಿರುಗಿಸಿ ಮುಖ ನೋಡಿಕೊಂಡಳು. ಆಮೇಲೆ ಬೆರಳು ಚಾಚಿ ಎದುರು ದಂಡೆಯನ್ನು ತೋರಿಸಿ, "ನಮ್ಮ ವಿಕ್ಟೋರಿಯಾದಲ್ಲಿ ಹಾಕಿದ್ರೆ ಎತ್ತರವೂ ದಕ್ಷಿಣ, ನಿನ್ನ ಶಾಸ್ತ್ರವೂ ದಕ್ಷಿಣ" ಎಂದಳು. ಅದು ನಿಜವಾಗಿತ್ತು. ಆ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ, ಪ್ರತಿ ಫೋನಿನಲ್ಲಿ ಒಮ್ಮೆ ಹೇಳುತ್ತಾಳೆ.

ಗ್ಯಾಸಿನ ಸಣ್ಣ ಒಲೆಯಲ್ಲಿ ಚಹಾ ಕುದಿಸಿ, ಒಗ್ಗರಣೆ ಅವಲಕ್ಕಿ ತಟ್ಟೆಗೆ ಹಾಕಿಕೊಂಡು ನೀರಿನ ಹತ್ತಿರ ಕೂತೆವು. ನಗುತ್ತಿದ್ದ ಹಿಲ್ಡಾ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟಳು.

"ಒಂದು ವಿಷಯ ಹೇಳ್ತೇನೆ. ಸಿಟ್ಟು ಮಾಡ್ಬಾರ್ದು."

"ಎಂತದು?"

"ಆವತ್ತು ನನ್ನ ಅಪ್ಪ ಸಹಿ ಹಾಕಿದ್ರು. ಗೈಡ್ಸ್ ಕ್ಯಾಂಪಿಗೆ. ಚೀಟಿ ನನ್ನ ಲೆಕ್ಕದ ಪುಸ್ತಕದ ಒಳಗೆ ಇತ್ತು. ನೀನು ಹಂಚಿನ ಹಿಂದೆ ಕೂತು ಅಳ್ತಾ ಇದ್ದಿ. ನಾನು ಹೋಗ್ತೇನೆ ಅಂತ ಹೇಳ್ಲಿಕ್ಕೆ ಬಂದದ್ದು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ನನಗೆ ಸಿಟ್ಟೇ ಬಂತು. ಮೊದಲ ಸಿಟ್ಟು, ಐವತ್ತು ವರ್ಷ ನನ್ನಿಂದ ಸುಮ್ಮನೆ ಬೈಸಿಕೊಂಡ ಅವಳ ಅಪ್ಪನ ಪರವಾಗಿ. ಗೂಡಿನ ಬೆಂಕಿಯ ಮುಂದೆ ನಿಂತು ಬೆವರುತ್ತಿದ್ದ ಆ ಮನುಷ್ಯ ಮಗಳ ಚೀಟಿಗೆ ಒಂದು ಮಾತೂ ಆಡದೆ ಸಹಿ ಹಾಕಿದ್ದರು, ನಾನು ಅವರನ್ನು ನನ್ನ ಅಪ್ಪನ ಸಾಲಿನಲ್ಲಿ ನಿಲ್ಲಿಸಿದ್ದೆ. ಎರಡನೆಯ ಸಿಟ್ಟು ಹಿಲ್ಡಾಳ ಮೇಲೆ. ಹೋಗಿ ಬಂದು ಕಥೆಯಾದರೂ ಹೇಳಬಹುದಿತ್ತಲ್ಲ! ಆಮೇಲೆ ಉಳಿದದ್ದು ನೆನಪಾಯಿತು. ಕ್ಯಾಂಪಿನ ಆ ಮೂರು ದಿನವೂ ಅವಳು ನನ್ನ ಜೊತೆ ಅದೇ ರಾಶಿಯ ಹಿಂದೆ ಬಂದು ಕೂತಿದ್ದಳು. ಗೋಣಿಚೀಲ ಕಟ್ಟಿ ಇದೇ ನಮ್ಮ ಟೆಂಟು ಎಂದು ಆಡಿಸಿದ್ದಳು. ಅವಳ ಲೆಕ್ಕದ ಪುಸ್ತಕದಲ್ಲಿ ಹೋಗುವ ಅಪ್ಪಣೆ ಇತ್ತು.

"ನಿನಗೆ ಮಂಡೆ ಸರಿ ಇಲ್ಲ" ಎಂದೆ.

"ಇಲ್ಲ. ಅದಕ್ಕೇ ಅಲ್ವಾ ನಿನ್ನೆ ತಲೆ ಕೆಳಗೆ ಹಾಕಿ ಮಲಗಿದ್ದು."

ಈಗ ಹೇಳಿ, ನಾನು ಹೇಗೆ ಹಿಂದೆ ಸರಿಯಲಿ? ಮೊಣಕಾಲು ನೋಯುತ್ತದೆ ಎಂದು ಹೇಳಲೇ, ಕ್ರೂಸಿನಲ್ಲಿ ಲಿಫ್ಟ್ ಇದೆ ಎಂದು ಹೇಳಲೇ? ಇಲ್ಲಿಯವರೆಗೆ ಇದು ನನ್ನ ಹಟವಾಗಿತ್ತು. ಮರ್ರಿ ನದಿಯಿಂದ ಮರಳುವ ರೈಲಿನಲ್ಲಿ ಇದು ಅವಳ ಹಕ್ಕಾಯಿತು.

ಆದರೆ ತೊಂದರೆ ಬಂದದ್ದು ಅವಳ ಕಡೆಯಿಂದಲೇ. ನನ್ನದು ಆಸ್ಟ್ರೇಲಿಯಾದ ಪಾಸ್‌ಪೋರ್ಟ್, ವೀಸಾದ ಗೋಜಿಲ್ಲ. ಹಿಲ್ಡಾ ಇನ್ನೂ ಪಿಆರ್ ಎಂಬ ಕಾಯಂ ವಾಸದ ಪರವಾನಗಿಯಲ್ಲಿಯೇ ಇದ್ದಾಳೆ, ಪಾಸ್‌ಪೋರ್ಟ್ ಇಂಡಿಯಾದ್ದು. ವೀಸಾದ ಅರ್ಜಿಯಲ್ಲಿ ಎಲ್ಲಿ ಉಳಿಯುತ್ತೀರಿ, ಅದಕ್ಕೆ ಕಾಗದ ಎಲ್ಲಿ ಎಂದು ಕೇಳಿದ್ದರು. ನದಿ ದಂಡೆಯ ಕ್ಯಾಂಪಿನವರಿಗೆ ಬರೆದರೆ, ಟೆಂಟಿನವರಿಗೆ ಬುಕಿಂಗ್ ಇಲ್ಲ, ಬನ್ನಿ, ಜಾಗ ಇರುತ್ತದೆ ಎಂದು ಒಂದು ಸಾಲಿನ ಉತ್ತರ. ಪ್ರಶಾಂತನಿಗೆ ಖುಷಿಯೋ ಖುಷಿ.

"ಸಿಂಪಲ್ ಅಮ್ಮಾ. ಹೋಟೆಲ್ ಬುಕ್ ಮಾಡಿ ಆ ಪೇಪರ್ ಕೊಡು. ವೀಸಾ ಬಂದ ಮೇಲೆ ಕ್ಯಾನ್ಸಲ್ ಮಾಡು. ಎಲ್ಲರೂ ಅದೇ ಮಾಡೋದು."

ಎಲ್ಲರೂ ಮಾಡಲಿ. ನಾನು ಟೆಂಟಿನಲ್ಲಿ ಮಲಗಲು ಹೊರಟವಳು, ಅರ್ಜಿಯಲ್ಲಿಯೂ ಟೆಂಟು ಎಂದೇ ಇರಬೇಕು. ದಾಖಲೆ ನೋಡುವವಳಾಗಿ ಇಷ್ಟು ವರ್ಷ ದುಡಿದದ್ದು ಇಂಥ ದಿನಕ್ಕೇ. ಕ್ಯಾಂಪಿನವರಿಗೆ ಎರಡು ಪುಟದ ಕಾಗದ ಬರೆದೆ. ನಾವು ಯಾರು, ಯಾಕೆ ಬರುತ್ತೇವೆ, ಡಬ್ಬ, ಹಂಚಿನ ಯಂತ್ರ, ಮೊಣಕಾಲು, ಎಲ್ಲವನ್ನೂ ತಿಳಿಸಿದೆ. ಕೊನೆಯಲ್ಲಿ, ನಿಮ್ಮ ಜಾಗ ನದಿಯ ಯಾವ ದಂಡೆಯಲ್ಲಿದೆ, ನೆಲ ಯಾವ ದಿಕ್ಕಿಗೆ ಇಳಿಯುತ್ತದೆ ಎಂದೂ ಕೇಳಿದೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ದುಂಡನೆಯ ಮೊಹರು ಒತ್ತಿದ ಕಾಗದ ಬಂತು. 'ಇಬ್ಬರು ಮಹಿಳೆಯರು, ಒಂದು ಟೆಂಟು, ಆರು ದಿನ, ನೀರಿನ ಪಕ್ಕ. ಜಾಗ ಕಾದಿರಿಸಿದೆ.' ಅದರ ಕೆಳಗೆ ಕೈಯಿಂದ ಬರೆದ ಒಂದು ನಕ್ಷೆ. ನದಿ ಮೇಲೆ, ಕ್ಯಾಂಪು ಕೆಳಗೆ, ಎತ್ತರದ ಕಡೆಗೆ ಒಂದು ಬಾಣ, ಬಾಣದ ತುದಿಯಲ್ಲಿ ದಕ್ಷಿಣ ಎಂದು ಬರೆದಿತ್ತು. ಕೋಟೆ ಇರುವ ದಂಡೆಯೇ. ಆ ಪುಣ್ಯಾತ್ಮ ಯಾಕೆಂದು ಕೂಡ ಕೇಳಿರಲಿಲ್ಲ. ವೀಸಾ ಬಂತು.

ಈಗ ಹತ್ತು ದಿನದಿಂದ ನಮ್ಮ ಮನೆಯ ಹಾಲಿನಲ್ಲಿ ಟೆಂಟು ನಿಂತಿದೆ. ಬಿಳಿಯದೇ ಬೇಕೆಂದು ಅಂಗಡಿಯಿಂದ ಅಂಗಡಿಗೆ ಅಲೆದೆ. ಬಿಳಿ ಬೇಗ ಕೊಳೆಯಾಗುತ್ತದೆ ಎಂದು ಎಲ್ಲ ಕಡೆ ಹಸಿರು ತೋರಿಸಿದರು. ಕೊನೆಗೆ ಬಿಳಿಗೆ ಹತ್ತಿರದ ಒಂದು ಬಣ್ಣ 'ಮರಳು' ಎಂಬ ಹೆಸರಿನಲ್ಲಿ ಸಿಕ್ಕಿತು. ನನ್ನವರು ಟಿವಿ ನೋಡಬೇಕಾದರೆ ಅದರ ಬಲಗಡೆಯಿಂದ ಕತ್ತು ಚಾಚಬೇಕು. ಮೊದಲು ಬೇಸರಪಟ್ಟರು, ಈಗ ಮಧ್ಯಾಹ್ನ ನಾನು ಆಫೀಸಿನಲ್ಲಿರುವಾಗ ಅದರೊಳಗೆ ಮಲಗುತ್ತಾರೆಂದು ದಿಂಬಿನ ಮೇಲಿನ ಬಿಳಿ ಕೂದಲು ಹೇಳುತ್ತದೆ. ಸಂಜೆ ನನ್ನ ತರಬೇತಿ. ಹಿಲ್ಡಾ ಡ್ಯಾಂಡಿನಾಂಗಿನಿಂದ ವಿಡಿಯೋ ಕಾಲಿನಲ್ಲಿ ಹುಕುಂ ಕೊಡುತ್ತಾಳೆ.

"ಎಡಕ್ಕೆ ಹೊರಳು. ಕೈ ಊರು. ಈಗ ಎಡ ಮಂಡಿ, ಬಲದ್ದು ಅಲ್ಲ, ಎಡದ್ದು! ಕುರ್ಚಿ ಹಿಡ್ಕೋ. ಉಸಿರು ಬಿಡು. ಏಳು."

"ಆಗ್ಲಿಲ್ಲ."

"ಆಗ್ತದೆ. ನಮ್ಮಲ್ಲಿ ತೊಂಬತ್ತೊಂದರ ಅಜ್ಜಿ ಒಬ್ಳು ಏಳ್ತಾಳೆ, ಬೈಕೊಂಡು ಏಳ್ತಾಳೆ. ನೀನೂ ಬೈಕೋ."

ಬೈದುಕೊಂಡರೆ ನಿಜವಾಗಿಯೂ ಏಳಲು ಬರುತ್ತದೆ. ತುಳುವಿನಲ್ಲಿ ಬೈದರೆ ಇನ್ನೂ ಬೇಗ ಬರುತ್ತದೆ. ಮಡಚುವ ಕುರ್ಚಿಯೊಂದನ್ನು ಸಾಮಾನಿಗೆ ಸೇರಿಸಿದ್ದೇನೆ.

ಮೊನ್ನೆ ಶನಿವಾರ ಪ್ರಶಾಂತ ಮಗಳನ್ನು ಕರೆದುಕೊಂಡು ಬಂದ. ಇಶಾಳಿಗೆ ಒಂಬತ್ತು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯಲ್ಲಿ ನನ್ನ ಪಕ್ಷದಲ್ಲಿರುವವಳು ಅವಳೊಬ್ಬಳೇ. ಡಬ್ಬದ ಚಿತ್ರವನ್ನು ನನಗೂ ಹಿಲ್ಡಾಳಿಗೂ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಕೊಡುತ್ತೇನೆಂದು ಮುಚ್ಚಳದ ಫೋಟೋ ತೆಗೆದಳು. ಅದನ್ನು ಟಿವಿಯಲ್ಲಿ ದೊಡ್ಡದು ಮಾಡಿದಳು. ಗೋಡೆಯಷ್ಟು ಅಗಲಕ್ಕೆ ನದಿ, ಸೇತುವೆ, ಕೋಟೆ. ನಾವೆಲ್ಲ ಟೆಂಟಿನ ಬದಿಯಿಂದ ಕತ್ತು ಚಾಚಿ ನೋಡಿದೆವು.

"ಟೆಂಟ್ ಎಲ್ಲಿದೆ ತೋರಿಸು" ಎಂದೆ.

ಅವಳು ಇನ್ನೂ ದೊಡ್ಡದು ಮಾಡಿದಳು. "ಅಜ್ಜೀ, ದೇರ್ ಇಸ್ ನೋ ಟೆಂಟ್. ದ ಪೇಂಟ್ ಹ್ಯಾಸ್ ಕಮ್ ಆಫ್."

ನಾನು ಡಬ್ಬವನ್ನು ಕಿಟಕಿಯ ಬೆಳಕಿಗೆ ತಂದು, ನನ್ನವರ ಭೂತಗನ್ನಡಿ ಹಿಡಿದು ನೋಡಿದೆ. ಉಗುರಿನಿಂದ ಮುಟ್ಟಿ ನೋಡಿದೆ. ಬಣ್ಣದ ಅಂಚು ಉಗುರಿಗೆ ತಾಗಿತು, ಅದರ ಒಳಗೆ ಬರಿಯ ತಗಡು. ಯಾವತ್ತೋ ಯಾರೋ ಚಮಚದಿಂದ ಮುಚ್ಚಳ ಮೀಟುವಾಗ ಜಾರಿ ತಾಗಿದ ಪೆಟ್ಟು ಅದು. ದನವೂ ಅಲ್ಲ, ಪಂಚೆಯೂ ಅಲ್ಲ, ಹಾಯಿಯೂ ಅಲ್ಲ. ಸವೆದದ್ದು ಎಂದುಕೊಂಡ ಕೋಟೆ ನಿಜವಾಗಿತ್ತು, ನಿಜ ಎಂದುಕೊಂಡ ಟೆಂಟು ಸವೆದದ್ದಾಗಿತ್ತು. ನನಗೆ ಕೂರಬೇಕೆನಿಸಿತು, ಕೂತೆ. ಇಶಾ ನನ್ನ ಕೈ ಹಿಡಿದುಕೊಂಡಳು.

ಪ್ರಶಾಂತ ಪಾಪ ಬಹಳ ಮೆತ್ತಗೆ ಹೇಳಿದ. "ಪರವಾಗಿಲ್ಲ ಅಮ್ಮಾ. ಇನ್ನೂ ಟೈಮ್ ಇದೆ. ಬೇಕಾದ್ರೆ ಎಲ್ಲ ಚೇಂಜ್ ಮಾಡಬಹುದು. ನಿನ್ನ ಮಂಡಿ ಬೇರೆ ಹಾಗಿದೆ."

ನಾನು ಎದ್ದು ಅಡುಗೆಮನೆಗೆ ಹೋಗಿ ಹಿಲ್ಡಾಳಿಗೆ ಫೋನ್ ಮಾಡಿದೆ. ಅವಳು ಕೆಲಸದಲ್ಲಿದ್ದಳು, ಹಿಂದಿನಿಂದ ತಳ್ಳುಗಾಡಿಯ ಸದ್ದು ಕೇಳುತ್ತಿತ್ತು. ವಿಷಯ ಹೇಳಿದೆ. ಗಾಡಿಯ ಸದ್ದು ನಿಂತಿತು.

"ಸರಿ ನೋಡಿದ್ಯಾ?"

"ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲಿ ಎಂತದೂ ಇಲ್ಲ, ಹಿಲ್ಡಾ. ಯಾವತ್ತೂ ಇರ್ಲಿಲ್ಲ. ನೀನು ಒಳಗೆ ಇಬ್ಬರು ಇದ್ದಾರೆ ಅಂದಿದ್ದಿ."

"ನೀನು ಒಬ್ಳೇ ಆಗಿದ್ದಿ. ಅದಕ್ಕೆ ಅಂದೆ."

ಆಮೇಲೆ ಅವಳೇ ಕೇಳಿದಳು. "ಹಾಗಾದ್ರೆ ಅಲ್ಲಿ ಈವರೆಗೆ ಯಾರೂ ಟೆಂಟ್ ಹಾಕ್ಲಿಲ್ಲ?"

"ಇಲ್ಲ."

"ಜಾಗ ಖಾಲಿ ಉಂಟು?"

"ಉಂಟು."

"ಮತ್ತೆಂತ ಮಾರಾಯ್ತಿ? ನಾವು ಹಾಕುವ" ಎಂದಳು. ಗಾಡಿ ಮತ್ತೆ ಹೊರಟ ಸದ್ದು ಕೇಳಿತು.

ನಾನು ಡಬ್ಬಕ್ಕೆ ಹೊಸ ಹಪ್ಪಳ ತುಂಬಿಸಿ ಮುಚ್ಚಳ ಒತ್ತಿದೆ, ಅದು ನಮ್ಮ ಜೊತೆಗೇ ಬರುತ್ತದೆ. ಕ್ಯಾಂಪಿನವರು ಕಾಗದದ ಜೊತೆ ಒಂದು ಫಾರಂ ಕಳಿಸಿದ್ದರು, ಅದನ್ನು ಭರ್ತಿ ಮಾಡುವುದು ಬಾಕಿಯಿತ್ತು. ಊಟದ ಮೇಜಿನ ಮೇಲೆ, ಪ್ರಶಾಂತ ನೋಡುತ್ತಿದ್ದಂತೆಯೇ ಕೂತು ಬರೆದೆ. ಜನ: ಇಬ್ಬರು. ಟೆಂಟು: ಒಂದು. ಎಲ್ಲಕ್ಕೂ ಕೆಳಗೆ ಸಹಿಗೆಂದು ಒಂದು ಗೆರೆ ಎಳೆದಿತ್ತು. ಯಾರನ್ನೂ ಕೇಳದೆ ನನ್ನ ಹೆಸರು ಬರೆದು ಸಹಿ ಹಾಕಿದೆ.